ಒಂದು ಹಿಡಿಯ ಕಾಮಗಾರಿ

ದೋಣಿಯಿಂದ ನೀರಿಗೆ ಬೀಳಲು ಯಾವ ತರಬೇತಿಯೂ ಬೇಡ. ಬಯಲುಸೀಮೆಯಲ್ಲಿ ಹುಟ್ಟಿ, ಕೆರೆಯಲ್ಲಿ ನೀರಿಗಿಂತ ಹೂಳನ್ನೇ ಹೆಚ್ಚು ಕಂಡ ನನ್ನಂಥವನೂ ಅದನ್ನು ಅಚ್ಚುಕಟ್ಟಾಗಿ ಮಾಡಬಲ್ಲ. ವಿದ್ಯೆ ಬೇಕಾಗುವುದು ಮತ್ತೆ ಹತ್ತುವುದಕ್ಕೆ. ಹಾಯಿದೋಣಿ ಕಲಿಸುವವರು ಗಾಳಿಯ ದಿಕ್ಕು, ಹಗ್ಗದ ಗಂಟು, ಎದುರಾದ ದೋಣಿಗೆ ದಾರಿ ಬಿಡುವ ಕಾನೂನು ಎಲ್ಲವನ್ನೂ ವಿಸ್ತಾರವಾಗಿ ಹೇಳುತ್ತಾರೆ. ಹತ್ತುವ ಪ್ರಸ್ತಾಪ ಬಂದಾಗ ಮಾತ್ರ “ಕಾಲು ಬಡಿದು, ಕೈಯೂರಿ, ಮೇಲಕ್ಕೆ ಚಿಮ್ಮಿ” ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಹೇಳುವವರ ವಯಸ್ಸು ಸಾಮಾನ್ಯವಾಗಿ ಇಪ್ಪತ್ತು ದಾಟಿರುವುದಿಲ್ಲ.

ಅವರ ದೋಣಿಗಳಿಗೆ ಅಷ್ಟು ಉಪದೇಶ ಸಾಕು. ಬ್ರೂಸ್ ಕರ್ಬಿ ವಿನ್ಯಾಸ ಮಾಡಿದ, 1996ರಲ್ಲಿ ಒಲಿಂಪಿಕ್ಸ್‌ಗೂ ಸೇರಿದ ಲೇಸರ್ ಎಂಬ ಒಂಟಿ ಸವಾರಿಯ ದೋಣಿಯನ್ನೇ ನೋಡಿ. ಮಗುಚುವುದು ಅದಕ್ಕೆ ಅವಮಾನವಲ್ಲ. ಮಗುಚಿದರೆ ತಳದಿಂದ ಹೊರಚಾಚಿದ ಡ್ಯಾಗರ್‌ಬೋರ್ಡ್ ಹಲಗೆಗೆ ಜೋತುಬಿದ್ದರಾಯಿತು, ಎದ್ದು ನಿಲ್ಲುತ್ತದೆ. ಅದರ ಅಂಚು ನೀರಿಗೆ ಎಷ್ಟು ಹತ್ತಿರವೆಂದರೆ, ಹತ್ತುವುದು ಅನ್ನುವುದಕ್ಕಿಂತ ಹೊರಳುವುದು ಅನ್ನಬಹುದು.

ನಮ್ಮದು ಆ ಜಾತಿಯಲ್ಲ. ಹದಿನೈದು ಅಡಿ ಉದ್ದದ ಫೈಬರ್‌ಗ್ಲಾಸ್ ಮೈ, ಇಬ್ಬರು ಮುದುರಿ ಮಲಗಬಹುದಾದ ಒಂದು ಗೂಡು, ಹಿಂದೆ ಕೂರಲು ತಗ್ಗು, ಬಾಲಕ್ಕೊಂದು ಪುಟ್ಟ ಮೋಟಾರು. ಎಷ್ಟನೆಯವರ ಕೈಯಿಂದ ನಮ್ಮ ಕೈಗೆ ಬಂತೋ ದೇವರಿಗೇ ಗೊತ್ತು. ಮಾರಿದ ಪುಣ್ಯಾತ್ಮರು “ಇದು ಸುಲಭಕ್ಕೆ ಮಗುಚುವುದಿಲ್ಲ” ಎಂದು ಭರವಸೆ ಕೊಟ್ಟಿದ್ದರು. ಮಗುಚದ ದೋಣಿಯಿಂದ ಮನುಷ್ಯ ಮಾತ್ರ ಉರುಳಬಹುದು, ಉರುಳಿದವನಿಗೆ ಎರಡು ಅಡಿಯ ನುಣುಪು ಗೋಡೆ ಎದುರಾಗುತ್ತದೆ ಎಂಬುದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಾವು ತೇಲುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ. ಬೇಸಿಗೆಯ ಮಧ್ಯಾಹ್ನ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ. ತೆರವಾದ ಜಾಗಕ್ಕೆ ಶಾಂತಸಾಗರದ ತಣ್ಣನೆಯ ಗಾಳಿ ಗೋಲ್ಡನ್ ಗೇಟಿನ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಇಪ್ಪತ್ತು ನಾಟ್ ವೇಗ ಅಲ್ಲಿ ಸುದ್ದಿಯೇ ಅಲ್ಲ. ನೀರೋ, ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ಕೊರೆಯುವ ನೀರಿಗೆ ಬಿದ್ದವರಿಗಾಗಿ 1-10-1 ಎಂಬ ಲೆಕ್ಕ ಕೊಟ್ಟಿದ್ದಾರೆ. ಏದುಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ನಮ್ಮ ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ 1 ಗಂಟೆ. ನಮ್ಮ ಕೊಲ್ಲಿಯ ನೀರು ಹಿಮದಷ್ಟು ಕ್ರೂರಿಯಲ್ಲ, ನಿಜ. ಆದರೂ ನಡುವಿನ ಆ ಹತ್ತು ನಿಮಿಷ ನನ್ನನ್ನು ಕಾಡುತ್ತಿತ್ತು. ಮದುವೆ ಛತ್ರದ ಬಾಗಿಲಲ್ಲಿ ಚಪ್ಪಲಿ ಹುಡುಕಿಕೊಳ್ಳಲು ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಹೀಗಿರುವಾಗ ಮಾವ ಬಂದರು.

ಮಾವ ನಿವೃತ್ತ ಸರ್ಕಾರಿ ಎಂಜಿನಿಯರು. ಅತ್ತೆಯ ಜೊತೆ ಹಾಸನದಿಂದ ಆರು ತಿಂಗಳಿಗೆಂದು ಬಂದವರು. ಅಮೆರಿಕದ ಬಡಾವಣೆಗಳಲ್ಲಿ ಕಾಮಗಾರಿ ನಡೆಯುವುದೇ ಕಡಿಮೆ, ನಡೆದರೂ ಕೈ ಹಿಂದೆ ಕಟ್ಟಿ ನಿಂತು ಸಲಹೆ ಕೊಡುವವರಿಗೆ ಅಲ್ಲಿ ಜಾಗವಿಲ್ಲ. ಇದರಿಂದ ಅವರು ಸೊರಗಿಹೋಗಿದ್ದರು. ನನ್ನ ಹೆಂಡತಿ ಮಾತ್ರ ಅವರ ಬಚ್ಚಲುಮನೆಯ ಬಗ್ಗೆ ತಲೆಕೆಡಿಸಿಕೊಂಡಿದ್ದಳು. ಇಲ್ಲಿಯ ಸ್ನಾನದ ತೊಟ್ಟಿಗೆ ಮೊಳಕಾಲೆತ್ತರದ ಗೋಡೆ ದಾಟಿ ಇಳಿಯಬೇಕು. ಒದ್ದೆಯಾದರೆ ತಳ ಜಾರುತ್ತದೆ. “ಅಪ್ಪಾ, ಗೋಡೆಗೆ ಒಂದು ಹಿಡಿ ಹಾಕಿಸ್ತೀನಿ” ಅಂದಾಗಲೆಲ್ಲ ಮಾವ “ನನಗೇನಾಗಿದೆ? ಹಿಡಿ ಹಾಕೋದು ಆಸ್ಪತ್ರೇಲಿ” ಎಂದು ಪೇಪರು ಮಡಚಿ ಎದ್ದುಹೋಗುತ್ತಿದ್ದರು.

ಒಂದು ಬೆಳಗ್ಗೆ ಅವರು ಅಂಗಳದಲ್ಲಿ ಟ್ರೇಲರ್ ಮೇಲೆ ಕೂತಿದ್ದ ದೋಣಿಯನ್ನು ಮೂರು ಸುತ್ತು ಪ್ರದಕ್ಷಿಣೆ ಹಾಕಿ ಕೇಳಿದರು: “ಅಳಿಯಂದಿರೇ, ಬಿದ್ದರೆ ಹತ್ತೋ ವ್ಯವಸ್ಥೆ ಏನಿದೆ?”

“ಕೈಯೂರಿ ಚಿಮ್ಮೋದು, ಮಾವ.”

ಅವರು ನನ್ನ ಹೊಟ್ಟೆಯನ್ನೊಮ್ಮೆ, ದೋಣಿಯ ಅಂಚನ್ನೊಮ್ಮೆ ನೋಡಿದರು. “ಎಸ್ಟಿಮೇಟ್ ಹಾಕೋಣ” ಅಂದರು. ಅಮೆರಿಕಕ್ಕೆ ಬಂದ ಮೇಲೆ ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ನೋಡಿದ್ದು ಆವತ್ತೇ.

ಹಿಡಿಯೊಂದು ಬೇಕು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಎಲ್ಲಿ ಬೇಕು ಎಂಬುದರಲ್ಲಿ ಮಾತ್ರ ಎಲ್ಲರೂ ಪಂಡಿತರು. ಶನಿವಾರ ಊಟಕ್ಕೆ ಬಂದ ಗೆಳೆಯರು ಹೋಳಿಗೆ ಕೈಯಲ್ಲಿ ಹಿಡಿದೇ ದೋಣಿಯ ಸುತ್ತ ನೆರೆದರು. ಒಬ್ಬರು ಪಕ್ಕಕ್ಕೆ ಅಂದರು, ಒಬ್ಬರು ಹಿಂದಕ್ಕೆ ಅಂದರು, ಒಬ್ಬರು ಗೂಡಿನ ಮೇಲೆ ಅಂದರು. ಸಾಫ್ಟ್‌ವೇರ್ ಆರ್ಕಿಟೆಕ್ಟ್ ಒಬ್ಬರು ಮೂರೂ ಕಡೆ ಇದ್ದರೆ ಒಂದು ಕೈಕೊಟ್ಟರೂ ಇನ್ನೆರಡು ಇರುತ್ತವೆ ಎಂದರು. ಟ್ರೇಲರ್ ಮೇಲಿರುವ ದೋಣಿಯ ಮುಂದೆ ಒಣಬಟ್ಟೆಯಲ್ಲಿ ನಿಂತಾಗ ಯಾವ ಜಾಗವೂ ಕೈಗೆ ಎಟುಕುವಂತೆಯೇ ಕಾಣುತ್ತದೆ.

ಎಲ್ಲವನ್ನೂ ಕೇಳಿಸಿಕೊಂಡ ಮಾವ ತಮ್ಮ ಸೇವಾವಧಿಯ ಒಂದು ಕಥೆ ತೆಗೆದರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಹಳ್ಳಿಯ ಕೆರೆಗೆ ಮೆಟ್ಟಿಲು ಕಟ್ಟಿಸಿದ್ದರಂತೆ. ನಕ್ಷೆ ಸುಂದರ, ಕಲ್ಲು ಸುಂದರ, ಉದ್ಘಾಟನೆಯ ಹಾರವೂ ಸುಂದರ. ಆದರೆ ಬಟ್ಟೆ ಒಗೆಯುವ ಹೆಂಗಸರು ಒಬ್ಬರೂ ಆ ಮೆಟ್ಟಿಲು ಇಳಿಯದೆ ಪಕ್ಕದ ಹಳೇ ಬಂಡೆಗೇ ಹೋಗುತ್ತಿದ್ದರು. ಮಾವ ಕಾರಣ ಕೇಳಿದಾಗ ಒಬ್ಬಾಕೆ, “ಸ್ವಾಮಿ, ನೀವು ದಡದಲ್ಲಿ ನಿಂತು ಅಳತೆ ಹಿಡಿದ್ರಿ. ನಾವು ಮೊಣಕಾಲು ನೀರಲ್ಲಿ ನಿಂತು ಒಗೀತೀವಿ” ಅಂದಳಂತೆ.

“ಆದ್ದರಿಂದ ಅಳಿಯಂದಿರೇ, ಜಾಗ ಹೇಳಬೇಕಾದೋನು ನೀರಲ್ಲಿರೋನು” ಎಂದು ಮಾವ ನಿರ್ಣಯಿಸಿದರು. ಸಭೆಯ ಕಣ್ಣುಗಳೆಲ್ಲ ನನ್ನ ಮೇಲೆ ನೆಟ್ಟವು.

ಅಳತೆಗೆ ಕೊಲ್ಲಿಯ ತಣ್ಣೀರು ಬೇಡವೆಂದು ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕೀನ್ ನದಿಗಳು ಕೂಡುವ ಡೆಲ್ಟಾಕ್ಕೆ ದೋಣಿ ಎಳೆದುಕೊಂಡು ಹೋದೆವು. ಬೇಸಿಗೆಯಲ್ಲಿ ಅಲ್ಲಿಯ ನೀರು ಬೆಚ್ಚಗಿರುತ್ತದೆ. ಮೋಟಾರು ಆರಿಸಿ, ಲಂಗರು ಬಿಟ್ಟು, ಲೈಫ್ ಜಾಕೆಟ್ ತೊಟ್ಟು ನಾನು ಇಳಿದೆ. ಮಾವ ಮೇಲೆ ಪೆನ್ಸಿಲ್, ಟೇಪು, ಹಳೇ ಡೈರಿಯೊಂದಿಗೆ ಸಜ್ಜಾದರು.

ನೀರಿನಿಂದ ನೋಡಿದರೆ ನಮ್ಮ ಪುಟ್ಟ ದೋಣಿ ಎರಡಂತಸ್ತಿನ ಕಟ್ಟಡ. ನೀರಿನಲ್ಲಿ ಮನುಷ್ಯನಿಗೆ ಹೆಚ್ಚುಕಡಿಮೆ ತೂಕವೇ ಇಲ್ಲ. ಆರ್ಕಿಮಿಡಿಸ್ ಹೊತ್ತುಕೊಂಡಿರುತ್ತಾನೆ. ಮೇಲೇರಿದಷ್ಟೂ ಅವನು ಒಂದೊಂದೇ ಲೀಟರಿನ ಲೆಕ್ಕದಲ್ಲಿ ಒಂದೊಂದೇ ಕಿಲೋ ಹಿಂತಿರುಗಿಸುತ್ತಾ ಹೋಗುತ್ತಾನೆ. ಹೊಟ್ಟೆ ಅಂಚಿಗೆ ತಲುಪುವ ಹೊತ್ತಿಗೆ, ಬಟ್ಟೆ ಹೀರಿದ ನೀರನ್ನು ಬಡ್ಡಿಯಾಗಿ ಸೇರಿಸಿ, ಅಸಲು ಪೂರ್ತಿ ನಮ್ಮ ಭುಜಕ್ಕೆ ಬಿದ್ದಿರುತ್ತದೆ. ಲೈಫ್ ಜಾಕೆಟ್ ಎದೆ ಮತ್ತು ದೋಣಿಯ ನಡುವೆ ನಿಂತು ಸಂಧಾನಕ್ಕೆ ಒಪ್ಪುವುದಿಲ್ಲ. ಕಾಲುಗಳು ದೋಣಿಯ ಅಡಿಗೆ ಸರಿದು, ನಾವು ಅಂಗಾತ ತೂಗಾಡುತ್ತೇವೆ. ಪಕ್ಕದಿಂದ ಹತ್ತಲು ಹೋದರೆ ದೋಣಿ ಇಡೀ ನಮ್ಮ ಕಡೆಗೇ ವಾಲಿ, ಮೇಲಿರುವವರನ್ನೂ ಇಳಿಸಿಕೊಳ್ಳುವ ಉತ್ಸಾಹ ತೋರುತ್ತದೆ. “ಅಳಿಯಂದಿರೇ, ಬಿಡಿ! ಎಡಗಡೆ ರದ್ದು!” ಎಂದು ಕೂಗಿದ ಮಾವ ಡೈರಿಯಲ್ಲಿ ಬರೆದುಕೊಂಡರು.

ಹೀಗೆ ಒಂದೊಂದೇ ಜಾಗ ರದ್ದಾಗುತ್ತಾ ಹಿಂಬದಿಯ ಗೋಡೆ ಉಳಿಯಿತು. ದೋಣಿಯವರು ಅದನ್ನು ಟ್ರಾನ್ಸಮ್ ಅನ್ನುತ್ತಾರೆ. ಅಲ್ಲಿ ಜೋತುಬಿದ್ದರೆ ದೋಣಿ ವಾಲುವುದಿಲ್ಲ, ಬಾಲ ತುಸು ಕುಸಿದು ಅಂಚೇ ನಮ್ಮ ಹತ್ತಿರ ಬರುತ್ತದೆ. ಚುಕ್ಕಾಣಿಯ ಒಂದು ಪಕ್ಕ ಮೋಟಾರು, ಇನ್ನೊಂದು ಪಕ್ಕ ಹಿಡಿಗೆ ಜಾಗ. ಕೈಗೆ ಹಿಡಿ ಸಿಕ್ಕರೆ ಸಾಲದು, ಕಾಲಿಗೂ ಆಧಾರ ಬೇಕು. ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್‌ನ ಮಾನದಂಡದಂತೆ ಏಣಿಯ ಕೊನೆಯ ಮೆಟ್ಟಿಲು ನೀರಿನ ಮಟ್ಟದಿಂದ 22 ಇಂಚಾದರೂ ಕೆಳಗಿರಬೇಕು. ನಮಗೆ ಏಣಿಯ ಜಾಗವಿಲ್ಲದ್ದರಿಂದ ಹಗ್ಗದ ಕುಣಿಕೆಗೆ ಪಿವಿಸಿ ಪೈಪಿನ ತುಂಡು ಪೋಣಿಸಿ ಅಷ್ಟೇ ಆಳಕ್ಕೆ ಇಳಿಬಿಡುವುದೆಂದು ತೀರ್ಮಾನವಾಯಿತು. ನನ್ನ ಚಾಚಿದ ಕೈ ಸುಸ್ತಾಗಿ ನಿಂತ ಕಡೆ ಮಾವ ಟೇಪು ಅಂಟಿಸಿದರು.

ಇನ್ನು ಸಾಮಾನು. ಒಂದಡಿ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಹಿಡಿಗೆ ಇಷ್ಟು ಬೆಲೆಯೇ ಎಂದು ಮಾವ ಅದನ್ನು ರೂಪಾಯಿಗೆ ಪರಿವರ್ತಿಸಿ ಕೂತುಬಿಟ್ಟರು. ಇದು 316 ದರ್ಜೆಯದು, ಇದರಲ್ಲಿ ಮೊಲಿಬ್ಡಿನಂ ಇದೆ, ಉಪ್ಪುನೀರು ಸುಲಭಕ್ಕೆ ಕೊರೆಯುವುದಿಲ್ಲ, ಅಡುಗೆಮನೆಯ ಪಾತ್ರೆಯ 304ಕ್ಕೆ ಆ ಭಾಗ್ಯವಿಲ್ಲ ಎಂದು ವಿವರಿಸಿದೆ. ಲೋಹದ ವಿಷಯ ಬಂದೊಡನೆ ಅವರಿಗೆ ರೂಪಾಯಿ ಮರೆತುಹೋಯಿತು.

ತೂತು ಕೊರೆಯುವ ದಿನ ಅತ್ತೆ ಡ್ರಿಲ್ಲಿಗೆ ಕುಂಕುಮ ಹಚ್ಚಿದರು. ತೇಲುವ ವಸ್ತುವಿಗೆ ತೂತು ಕೊರೆಯಲು ಹೊರಟವರಿಗೆ ದೈವಸಹಾಯ ಇರಲಿ ಎಂದು. ಅವರ ಆತಂಕ ಸುಳ್ಳಲ್ಲ. ಮೋಟಾರಿನ ಭಾರ ತಡೆಯಲೆಂದು ನಮ್ಮ ಟ್ರಾನ್ಸಮ್ಮಿನ ಹೊಟ್ಟೆಯಲ್ಲಿ ಪ್ಲೈವುಡ್ ಇದೆ. ಬೋಲ್ಟಿನ ತೂತಿನಿಂದ ತೊಟ್ಟು ತೊಟ್ಟು ನೀರು ಒಳಗಿಳಿದರೆ ಹೊರಮೈ ಹೊಳೆಯುತ್ತಲೇ ಒಳಗಿನ ಮರ ಕೊಳೆಯುತ್ತದೆ. ಅದಕ್ಕೇ ಮೊದಲು ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ದಪ್ಪನೆಯ ಎಪಾಕ್ಸಿಯಿಂದ ಮುಚ್ಚಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ಹೊಸ ತೂತು ಕೊರೆಯಬೇಕು. ಆಗ ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ. ತೂತು ಮಾಡಿ, ಮುಚ್ಚಿ, ಮತ್ತೆ ತೂತು ಮಾಡುವ ಈ ಪದ್ಧತಿ ಮಾವನಿಗೆ ಬಹಳ ಹಿಡಿಸಿತು. ರಸ್ತೆಗಳ ವಿಷಯದಲ್ಲಿ ಅದನ್ನು ಅವರು ಹತ್ತಿರದಿಂದ ಬಲ್ಲರು.

ಆಮೇಲೆ ಸೀಲೆಂಟ್. ಇಲ್ಲಿ ಮತಭೇದಗಳಿವೆ. ಪಾಲಿಯುರಿಥೇನ್ ಪಂಥದವರು ಅಂಟಿಸಿದ್ದು ಮತ್ತೆ ಕೀಳುವುದಿಲ್ಲ. ಕಿತ್ತರೆ ದೋಣಿಯ ಮೇಲ್ಪದರವೂ ಜೊತೆಗೆ ಬರುತ್ತದೆ. ಬ್ಯುಟೈಲ್ ಟೇಪಿನವರು ಶಾಂತಿಪ್ರಿಯರು, ಬೇಕೆಂದಾಗ ಬಿಚ್ಚಬಹುದು ಅನ್ನುತ್ತಾರೆ. ಸಿಲಿಕೋನ್ ಬಳಸಿದವರನ್ನು ಎರಡೂ ಕಡೆಯವರು ಬಹಿಷ್ಕರಿಸುತ್ತಾರೆ, ಏಕೆಂದರೆ ಅದು ಒಮ್ಮೆ ಸವರಿದ ಜಾಗಕ್ಕೆ ಬೇರೇನೂ ಸರಿಯಾಗಿ ಅಂಟುವುದಿಲ್ಲ. ಮಾವ ಪಾಲಿಯುರಿಥೇನ್ ಕಡೆ. “ಬಿಚ್ಚೋ ಯೋಚನೆ ಇಟ್ಕೊಂಡು ಯಾರಾದ್ರೂ ಕಟ್ತಾರೇನ್ರೀ?”

ಬೋಲ್ಟು ಬಿಗಿಯುವುದು ಇಬ್ಬರ ಕೆಲಸ. ಹೊರಗಿನವರು ಸ್ಕ್ರೂಡ್ರೈವರಿನಿಂದ ಬೋಲ್ಟು ತಿರುಗದಂತೆ ಹಿಡಿಯಬೇಕು, ಒಳಗಿನವರು ನಟ್ಟು ತಿರುಗಿಸಬೇಕು. ಬೋಲ್ಟು ತಿರುಗಿದರೆ ಸುತ್ತಲಿನ ಸೀಲೆಂಟ್ ಹರಿದುಹೋಗುತ್ತದೆ. ಒಳಗಿನವರು ಎಂದರೆ, ಒಬ್ಬ ಪ್ರಾಪ್ತ ವಯಸ್ಕ ಹೋಗಬಾರದ ಸಾಮಾನಿನ ಗೂಡಿನಲ್ಲಿ ತಲೆ ಮತ್ತು ಒಂದು ಕೈಯನ್ನು ತೂರಿಸಿದ ನಾನು. ಅಲ್ಯೂಮಿನಿಯಂ ತಟ್ಟೆಯೊಂದನ್ನು ಒಳಗಿನಿಂದ ಒತ್ತಿಹಿಡಿದು ಅದರ ಮೇಲೆ ವಾಷರು, ನಟ್ಟು. ಎಳೆತದ ಭಾರ ನಾಲ್ಕು ತೂತುಗಳ ಅಂಚಿಗೆ ಬೀಳದೆ ಇಡೀ ತಟ್ಟೆಗೆ ಹಂಚಿಹೋಗಲಿ ಎಂದು ಈ ಏರ್ಪಾಟು. ಹೊರಗಿನಿಂದ ಮಾವನ ದನಿ: “ಬಿಗೀರಿ… ಇನ್ನೂ ಸ್ವಲ್ಪ… ಸಾಕು, ಸಾಕು… ಯಾಕ್ರೀ ನಿಲ್ಲಿಸಿದ್ರಿ?”

ಸೀಲೆಂಟ್ ಗಟ್ಟಿಯಾದ ಮೇಲೆ ಡೆಲ್ಟಾದಲ್ಲಿ ಪರೀಕ್ಷೆ ನಡೆಯಿತು. ಕುಣಿಕೆಗೆ ಒಂದು ಕಾಲು, ಹಿಡಿಗೆ ಎರಡು ಕೈ, ಹೊಟ್ಟೆಗೆ ಅಂಚು. ನಾನು ದೋಣಿಯೊಳಗೆ ಮಗ್ಗುಲಾಗಿ ಬಂದು ಬಿದ್ದೆ. ನೋಡಲು ಲಕ್ಷಣವಾಗಿರಲಿಲ್ಲ ಎಂದು ಹೆಂಡತಿ ಹೇಳಿದಳು. ಮಾವ ಡೈರಿಯಲ್ಲಿ “ಕಾಮಗಾರಿ ತೃಪ್ತಿಕರ” ಎಂದು ಬರೆದು ಸಹಿ, ದಿನಾಂಕ ಹಾಕಿದರು.

ಕಾಮಗಾರಿ ಮುಗಿದರೂ ಸೀಲೆಂಟ್ ಮುಗಿದಿರಲಿಲ್ಲ. ಒಮ್ಮೆ ಬಾಯಿ ತೆರೆದ ಪಾಲಿಯುರಿಥೇನ್ ಗಾಳಿಯ ತೇವಕ್ಕೇ ಗಟ್ಟಿಯಾಗುತ್ತಾ ಬರುತ್ತದೆ, ಇಟ್ಟು ಬಳಸುವಂತಿಲ್ಲ. ಮಾವ ಆ ಟ್ಯೂಬನ್ನು ಎರಡು ದಿನ ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಿದರು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, ಮಗಳಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ಅಳಿಯಂದಿರೇ, ಇದು ಸುಮ್ನೆ ದಂಡ ಆಗುತ್ತೆ. ಆ ಬಚ್ಚಲ ಗೋಡೆಗೆ ಒಂದು ಹಿಡಿ ಹಾಕೋದಾದ್ರೆ ಸ್ಕ್ರೂ ಬುಡಕ್ಕೆ ಬಳಸಬಹುದೇನೋ” ಅಂದರು.

ಅಮೆರಿಕದ ಗೋಡೆಯೆಂದರೆ ಸಾಮಾನ್ಯವಾಗಿ ಹದಿನಾರು ಇಂಚಿಗೊಂದು ಮರದ ಕಂಬ, ಅದರ ಮೇಲೆ ಹಲಗೆ. ಕಂಬಕ್ಕೇ ಸ್ಕ್ರೂ ಬೀಳಬೇಕು. ಸಾರ್ವಜನಿಕ ಕಟ್ಟಡಗಳ ಹಿಡಿ 250 ಪೌಂಡ್ ಭಾರ ತಡೆಯಬೇಕೆಂದೂ, 33ರಿಂದ 36 ಇಂಚು ಎತ್ತರದಲ್ಲಿರಬೇಕೆಂದೂ ಇಲ್ಲಿ ನಿಯಮವಿದೆ. ನಾನು ಟೇಪು ಹಿಡಿದು 33 ಇಂಚಿಗೆ ಗುರುತು ಹಾಕಲು ಹೋದೆ.

“ನಿಲ್ಲಿ” ಅಂದರು ಮಾವ. ಪಂಚೆ ಮೇಲೆತ್ತಿ ಕಟ್ಟಿದರು, ತೊಟ್ಟಿಗೆ ಇಳಿದರು, ನಲ್ಲಿ ತಿರುಗಿಸಿ ಪಾದ ಮುಳುಗುವಷ್ಟು ನೀರು ಬಿಟ್ಟುಕೊಂಡರು. ಆಮೇಲೆ ಕಣ್ಣು ಮುಚ್ಚಿ, ಸೋಪು ಹತ್ತಿದವರ ಪೂರ್ಣ ಅಭಿನಯದೊಂದಿಗೆ ಗೋಡೆಯನ್ನು ತಡವಿ ಒಂದು ಕಡೆ ಅಂಗೈ ಊರಿದರು.

“ಬರ್ಕೊಳ್ಳಿ. ನೀರಲ್ಲಿರೋನು ನಾನು.”