ಏಳು

ನರಕ ಚತುರ್ದಶಿಯ ಬೆಳಗಿನ ಜಾವ ನಾನು ತುಂಡುಪಂಚೆಯುಟ್ಟು ಮಣೆಯ ಮೇಲೆ ಕುಳಿತಿರಲು, 58 ವರ್ಷದ ತಮ್ಮನನ್ನು ಇನ್ನೂ ತೊಟ್ಟಿಲ ಕೂಸೆಂದೇ ಬಗೆದು ಬೆನ್ನಿಗೆ ಹರಳೆಣ್ಣೆ ತಿಕ್ಕುತ್ತಿದ್ದ ಅಕ್ಕನ ಕೈ ಎಡ ಹೆಗಲ ಕೆಳಗೆ ಥಟ್ಟನೆ ನಿಂತಿತು. “ಇದೇನೋ ಕರೀ ಗಂಟು? ಹೋದ ವರ್ಷ ಇರಲಿಲ್ಲವಲ್ಲ!” ನರುಲಿಯಿರಬೇಕು, ಕುದುರೆಬಾಲದ ಕೂದಲು ಬಿಗಿದರೆ ತಾನೇ ಉದುರುವುದೆಂದು ಚಿಕಿತ್ಸೆಯನ್ನೂ ಅವಳೇ ವಿಧಿಸಿದಳು.

ಆದರೆ ವಾರಪತ್ರಿಕೆಯ ಆರೋಗ್ಯದ ಪುಟವನ್ನು ಪಂಚಾಂಗಕ್ಕಿಂತ ಹೆಚ್ಚಿನ ನಿಷ್ಠೆಯಿಂದ ಪಾರಾಯಣ ಮಾಡುವ ನನಗೆ ಅಷ್ಟಕ್ಕೇ ಸಮಾಧಾನವೆಲ್ಲಿಯದು! ಮಚ್ಚೆಯ ಉಭಯ ಪಾರ್ಶ್ವಗಳು ಒಂದನ್ನೊಂದು ಹೋಲದಿದ್ದರೆ, ಅಂಚು ಹರಿದ ರೊಟ್ಟಿಯಂತಿದ್ದರೆ, ಬಣ್ಣ ಹಲವಾದರೆ, ವ್ಯಾಸವು 6 ಮಿಲಿಮೀಟರನ್ನು ಮೀರಿದರೆ, ಬರಬರುತ್ತ ರೂಪ ಬದಲಿಸಿದರೆ, ಮೆಲನೋಮವೆಂಬ ಚರ್ಮದ ಕ್ಯಾನ್ಸರನ್ನು ಶಂಕಿಸತಕ್ಕದ್ದೆಂದು ಓದಿದ್ದೆ. ಕನ್ನಡಕವಿಲ್ಲದ ಅಕ್ಕನಿಗೆ ಅಂಚು-ಬಣ್ಣಗಳ ವಿಮರ್ಶೆಯನ್ನೊಪ್ಪಿಸುವುದು ಕ್ಷೇಮವಲ್ಲವೆಂದೆಣಿಸಿ, ಅವಳ ಮೊಮ್ಮಗನ ಜಾಮಿಟ್ರಿ ಪೆಟ್ಟಿಗೆಯಿಂದ ಅಳತೆಪಟ್ಟಿಯನ್ನು ತರಿಸಿದೆ.

ಎಣ್ಣೆಯ ಬೆನ್ನ ಮೇಲೆ ಪ್ಲಾಸ್ಟಿಕ್ ಪಟ್ಟಿ ನಿಲ್ಲುವುದುಂಟೆ? ಹೆಗಲಲ್ಲಿಟ್ಟದ್ದು ಸೊಂಟದಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಮೂರು ಬಾರಿ ಬಚ್ಚಲ ಕಂಡಿಯತ್ತ ಪಲಾಯನ ಮಾಡಿತು. ಕಡೆಗೆ ಅಕ್ಕ ಒಂದು ಹಿಡಿ ಸೀಗೆಪುಡಿಯನ್ನು ನನ್ನ ಬೆನ್ನಿಗೆರಚಿ, ಪಟ್ಟಿಯನ್ನು ಒತ್ತಿ ಹಿಡಿದು, ಬಹಳ ಹೊತ್ತು ಮೌನವಾಗಿದ್ದು, ಉಚ್ಚರಿಸಿದ್ದು ಒಂದೇ ಶಬ್ದ: “ಏಳು.”

ಏಳು! ಆರಲ್ಲ, ಏಳು! ಆ ಹೆಚ್ಚಿನ ಒಂದು ಮಿಲಿಮೀಟರಿನ ಅವಕಾಶದಲ್ಲಿ ನಾನು ಉಯಿಲು ಬರೆದೆ; ತೋಟವನ್ನು ಮಗನಿಗೂ, ಪುಸ್ತಕದ ಬೀರುವನ್ನು ಅಕ್ಷರದ್ವೇಷಿಯಾದ ಅಳಿಯನಿಗೂ ಹಂಚಿದೆ; ಸಾಲ ತೀರಿಸದವರೆಲ್ಲರನ್ನೂ, ಒಬ್ಬನ ಹೊರತು, ಕ್ಷಮಿಸಿದೆ; ನನ್ನ ಸಂತಾಪಸಭೆಯ ಭಾಷಣಕಾರರಲ್ಲಿ ಯಾರನ್ನು ಬೇಗ ಕೂರಿಸಬೇಕೆಂದು ಚಿಂತಿಸುತ್ತ ಕಣ್ಣೊದ್ದೆ ಮಾಡಿಕೊಂಡಿರುವಾಗ ಬೆನ್ನಿಗೊಂದು ಗುದ್ದು ಬಿತ್ತು. “ಏಳೋ ಅಂದೆ! ಹಂಡೇ ನೀರು ಆರುತ್ತೆ!”

ಅಳತೆಯೆಷ್ಟೆಂದು ಅವಳು ನೋಡಿಯೇ ಇರಲಿಲ್ಲ.

ಮೂರನೆಯ ದಿನ ಕಂಡ ಚರ್ಮವೈದ್ಯರು ದೀಪವಿರುವ ಭೂತಗನ್ನಡಿಯನ್ನಿಟ್ಟು, ನಾನು ಪೀಠಿಕೆಯನ್ನಾರಂಭಿಸುವುದರೊಳಗೆ, ಮೇಣದ ಹನಿ ಮೆತ್ತಿದಂತೆ ಕಾಣುವ ಆ ಗಂಟಿಗೆ ಸೆಬೊರಿಕ್ ಕೆರಟೋಸಿಸ್ ಎಂದು ಹೆಸರಿಟ್ಟು, “ಅಪಾಯವಿಲ್ಲ, ವಯಸ್ಸಾಯಿತಲ್ಲ, ಇನ್ನೂ ನಾಲ್ಕಾರು ಬರಬಹುದು” ಎಂದರು. ಕ್ಯಾನ್ಸರನ್ನಾದರೂ ಗಾಂಭೀರ್ಯದಿಂದ ಸ್ವೀಕರಿಸಲು ಸಿದ್ಧನಾಗಿ ಹೋದವನಿಗೆ ಮುಪ್ಪನ್ನು ಕೊಟ್ಟು ಕಳುಹಿಸುವುದು ಯಾವ ವೈದ್ಯಧರ್ಮ? ಅಷ್ಟು ಸಾಲದೆ, ಅಂಗಾಲು ತೋರಿಸಿ ಎಂದರು. ನಮ್ಮ ಜನರಲ್ಲಿ ಮೆಲನೋಮ ವಿರಳ. ಬಂದಾಗ ಅಂಗಾಲು, ಅಂಗೈ, ಉಗುರಿನ ಬುಡ, ಇಂಥ ಎಡೆಗಳನ್ನೇ ಹೆಚ್ಚಾಗಿ ಹಿಡಿಯುತ್ತದಂತೆ. ಬೆನ್ನನ್ನು ಮಾತ್ರ ಉಜ್ಜಿ ಬಂದಿದ್ದ ನಾನು ನಾಚಿ ಕಾಲೆತ್ತಿದೆ.

ಹೊರಗೆ ಬೆಂಚಿನ ಮೇಲೆ ಮುದುಕಿಯೊಬ್ಬಳು, ಮುಳ್ಳು ಮುರಿದಿದೆಯೆಂದು ತಿಂಗಳುಗಟ್ಟಲೆ ಪಿನ್ನಿನಿಂದ ಕೆದಕಿದ ಅಂಗಾಲಿನ ಕಪ್ಪು ಕಲೆಗೆ ಬಟ್ಟೆ ಸುತ್ತಿಕೊಂಡು, ದೊಡ್ಡಾಸ್ಪತ್ರೆಗೆ ಬರೆದುಕೊಟ್ಟ ಚೀಟಿಯನ್ನು ಹಿಡಿದು ಕುಳಿತಿದ್ದಳು. “ನಿಮಗೇನಾಗಿದೆ ಸ್ವಾಮಿ?” ಎಂದು ಕೇಳಿದಳು. ಮೂರು ದಿನಗಳಿಂದ ನನ್ನ ಗಂಟಿನ ಪುರಾಣವನ್ನು ಕಂಡಕಂಡವರಿಗೆಲ್ಲ ಸವಿಸ್ತಾರವಾಗಿ ಹೇಳಿದ್ದ ನಾನು “ಏನಿಲ್ಲಮ್ಮ, ನರುಲಿ” ಎಂದು ಪಕ್ಕದಲ್ಲಿ ಕುಳಿತವನು, ಅವಳ ಮಗ ಬರುವವರೆಗೆ ಏಳಲಿಲ್ಲ.