ಅತ್ಯುತ್ತಮ ಅವನು, ಅಮೂಲ್ಯ ಇವನು

ಅಳಿಯನ ಎದೆಯ ಮೇಲೆ ಕಾಗೆ ಕೂತಿತ್ತು. ಊರಲ್ಲಾಗಿದ್ದರೆ ಪುರೋಹಿತರನ್ನು ಕರೆಸಿ ಶಾಂತಿ ಮಾಡಿಸಬೇಕಾದ ಸಂಗತಿ. ಆದರೆ ಇದು ಬಾಲ್ಟಿಮೋರ್. ಇಲ್ಲಿನ ಫುಟ್‌ಬಾಲ್ ತಂಡದ ಹೆಸರೇ ರೇವನ್ಸ್, ಕಾಡುಕಾಗೆಗಳು. ಆ ಚಿತ್ರದ ನೇರಳೆ ಸ್ವೆಟ್‌ಶರ್ಟನ್ನು ಅವನು ಮಡಿಬಟ್ಟೆಯ ಹಾಗೆ ಬೇರೆಯೇ ಇಟ್ಟು, ವಿಶೇಷದ ದಿನ ಮಾತ್ರ ತೊಡುತ್ತಾನೆ.

2025ರ ಫೆಬ್ರವರಿ 6, ಗುರುವಾರ ರಾತ್ರಿ ಅಂಥ ವಿಶೇಷ. ನ್ಯೂ ಆರ್ಲಿಯನ್ಸ್‌ನಲ್ಲಿ ‘ಎನ್‌ಎಫ್‌ಎಲ್ ಆನರ್ಸ್’, ಅಮೆರಿಕನ್ ಫುಟ್‌ಬಾಲಿನ ಬಹುಮಾನ ವಿತರಣೆ. ಮಗಳ ಮನೆಗೆ ಬಂದು ತಿಂಗಳಾದರೂ ಆ ಆಟದಲ್ಲಿ ನನಗೆ ಅರ್ಥವಾಗಿದ್ದು ಬಿಡುವಿನ ವೇಳೆ ಮಾತ್ರ. ಬಹುಮಾನ ವಿತರಣೆ ಹಾಗಲ್ಲ. ಮೂವತ್ತು ವರ್ಷ ಶಾಲಾ ವಾರ್ಷಿಕೋತ್ಸವದಲ್ಲಿ ಮೈಕಿನ ಮುಂದೆ ಪಟ್ಟಿ ಓದಿದ ಮೇಷ್ಟ್ರು ನಾನು. ಕೋಡುಬಳೆ ತಟ್ಟೆ ಹತ್ತಿರ ಎಳೆದುಕೊಂಡು ಕೂತೆ.

ಟಿವಿಯಲ್ಲಿ ನಿರೂಪಕ ರ‍್ಯಾಪ್ ಗಾಯಕ ಸ್ನೂಪ್ ಡಾಗ್. ಆನೆಗಾತ್ರದ ಆಟಗಾರರು ಮದುವೆಗಂಡುಗಳ ಹಾಗೆ ಸೂಟು ಹೊಲಿಸಿಕೊಂಡು ಬಂದಿದ್ದರು. ಆದರೆ ಭಾನುವಾರ ಸೂಪರ್ ಬೌಲ್, ಅಂದರೆ ಫೈನಲ್, ಆಡಬೇಕಾದವರು ಇಂಥ ಸಂಜೆಗೆ ಸಾಮಾನ್ಯವಾಗಿ ಬರುವುದಿಲ್ಲವಂತೆ. ಮದುಮಕ್ಕಳಿಲ್ಲದ ಆರತಕ್ಷತೆ ಅಂದುಕೊಂಡೆ.

ಕೊನೆಯದು ಎಂವಿಪಿ, ಅಮೂಲ್ಯ ಆಟಗಾರ. ರೇವನ್ಸ್‌ನ ಲಮಾರ್ ಜಾಕ್ಸನ್‌ಗೋ, ಬಫಲೋ ತಂಡದ ಜೋಶ್ ಆಲನ್‌ಗೋ? ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಚೆಂಡೆಸೆದು ತಂಡದ ಆಟ ನಡೆಸುವವರು. ಅಳಿಯ ಉಸಿರು ಬಿಗಿಹಿಡಿದಿದ್ದ. ಬಂದದ್ದು ಆಲನ್‌ಗೆ. ಐವತ್ತು ಮತದಾರರಲ್ಲಿ 27 ಜನ ಅವನನ್ನು ಮೊದಲಿಗೆ ಬರೆದರೆ, 23 ಜನ ಜಾಕ್ಸನ್‌ನನ್ನು.

“ಮಾವ, ಅನ್ಯಾಯ ನೋಡಿ!” ಅಳಿಯ ಎದ್ದುನಿಂತ. “ಇದೇ ಐವತ್ತು ಜನ ವರ್ಷದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಅಂತ ಆರಿಸಿದ್ದು ನಮ್ಮ ಜಾಕ್ಸನ್‌ನನ್ನ. ಮೂವತ್ತು ಮತ! ಅತ್ಯುತ್ತಮ ಅವನಂತೆ, ಅಮೂಲ್ಯ ಇವನಂತೆ!”

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮೊದಲ ರ‍್ಯಾಂಕು ಬಡಗಿಯ ಮಗನಿಗೆ ಬಂದ ವರ್ಷ, ಶಾಲಾ ಸಮಿತಿ ಅಧ್ಯಕ್ಷರ ಮಗನಿಗಾಗಿ ‘ಆದರ್ಶ ವಿದ್ಯಾರ್ಥಿ’ ಎಂಬ ಬಹುಮಾನವನ್ನು ರಾತ್ರೋರಾತ್ರಿ ಹುಟ್ಟಿಸಿದವರು ನಾವು. ಇಬ್ಬರಿಗೂ ಒಂದೇ ಅಳತೆಯ ಸ್ಟೀಲ್ ಲೋಟ. ಹುಡುಗರು ಖುಷಿಯಾಗಿಯೇ ಹೋದರು. ಅಧ್ಯಕ್ಷರು ಮಾತ್ರ ಲೋಟವನ್ನು ತಿರುವಿ ತಿರುವಿ ನೋಡಿದರು.

ಅಳಿಯನ ಹೊಟ್ಟೆಯುರಿಗೆ ಇನ್ನೊಂದು ಕಾರಣವಿತ್ತು. ಮತ ಹಾಕುವುದು ಲೀಗ್ ಪಂದ್ಯಗಳು ಮುಗಿದ ಕೂಡಲೇ, ನಾಕೌಟ್‌ಗೆ ಮೊದಲೇ. ಆಮೇಲೆ ಜನವರಿಯಲ್ಲಿ ಬಫಲೋದವರು ರೇವನ್ಸ್‌ನವರನ್ನು 27–25ರಿಂದ ಸೋಲಿಸಿ, ಮುಂದಿನ ವಾರ ತಾವೂ ಸೋತರು. ಅಂದರೆ ಬಹುಮಾನ ಕೈಗೆ ಬರುವ ಹೊತ್ತಿಗೆ ಇಬ್ಬರೂ ಮನೆ ಸೇರಿದ್ದರು.

ಸಮಾಧಾನಕ್ಕೆಂದು ಅವನು ಎಂವಿಪಿಯ ಹಳೆಯ ಪಟ್ಟಿ ಹೊರತೆಗೆದ. 2012ರಲ್ಲಿ ಏಡ್ರಿಯನ್ ಪೀಟರ್ಸನ್ ಗೆದ್ದದ್ದು ಬಿಟ್ಟರೆ ಅಲ್ಲಿಂದೀಚೆಗೆ ಬರೀ ಕ್ವಾರ್ಟರ್‌ಬ್ಯಾಕ್‌ಗಳೇ. ಅವರ ಮೈಗೆ ಧೂಳು ತಾಗದಂತೆ ಎದುರಾಳಿಗಳನ್ನು ಎದೆಕೊಟ್ಟು ತಡೆಯುವ, ಒಬ್ಬೊಬ್ಬರೂ ನೂರ ನಲವತ್ತು ಕಿಲೋ ತೂಗುವ ಲೈನ್‌ಮನ್‌ಗಳಲ್ಲಿ ಒಬ್ಬನಿಗಾದರೂ ಬಂದದ್ದುಂಟೇ? ಇಲ್ಲ. ಆದರೆ 1982ರಲ್ಲಿ ಪಕ್ಕದ ವಾಷಿಂಗ್ಟನ್ ತಂಡದ ಮಾರ್ಕ್ ಮೋಸ್ಲಿಗೆ ಬಂದಿದೆ. ಅವನ ಕೆಲಸ? ಕರೆದಾಗ ಬಂದು ಚೆಂಡು ಒದ್ದು ಹೋಗುವುದು. ಇಡೀ ಮದುವೆಗೆ ಬೆವರು ಸುರಿಸಿದ ಅಡುಗೆಭಟ್ಟರನ್ನು ಬಿಟ್ಟು, ಬಾಳೆಲೆ ತುದಿಗೆ ಉಪ್ಪು ಬಡಿಸಿದವನಿಗೆ ಶಾಲು ಹೊದಿಸಿದ ಹಾಗೆ. ಆ ಮೋಸ್ಲಿಯ ಮೇಲೆ ನನಗೆ ಯಾಕೋ ಪ್ರೀತಿ ಬಂತು.

ಅಷ್ಟರಲ್ಲಿ ಅಳಿಯನ ಫೋನ್ ಹೊಡೆದುಕೊಂಡಿತು. ದಾವಣಗೆರೆಯಿಂದ ಬೀಗಿತ್ತಿಯ ವಿಡಿಯೋ ಕಾಲ್. ಅಲ್ಲಾಗಲೇ ಶುಕ್ರವಾರದ ಬೆಳಗು. “ಏನೋ ಅದು ಬಾಯಲ್ಲಿ?”

“ಕೋಡುಬಳೆ ಅಮ್ಮಾ. ಅತ್ತೆ ಮಾಡಿದ್ದು.”

“ಹೌದಾ? ನಾನು ಮಾಡೋದು ಚೆನ್ನಾಗಿರತ್ತೋ, ಅದೋ?”

ನನ್ನವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮಗಳು ಮೆಲ್ಲನೆ ಟಿವಿಯ ಸದ್ದು ಅಡಗಿಸಿದಳು. ಅಳಿಯ ಎದೆಯ ಮೇಲಿನ ಕಾಗೆಯನ್ನೊಮ್ಮೆ ಸವರಿಕೊಂಡ.

“ಅತ್ಯುತ್ತಮ ನಿನ್ನದೇ ಅಮ್ಮಾ,” ಎಂದ. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ಬಾಗಿಲ ಕಡೆ ತಿರುಗಿ, “ಆದ್ರೆ ಅಮೂಲ್ಯ ಅಂದ್ರೆ ನಿಮ್ಮದು, ಅತ್ತೆ.”

ನನ್ನವಳು ಬಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.