ಕಣ್ಣಿಗೆ ಕೈ ಹಾಕಬೇಡ

ನಮ್ಮ ಕಡೆ ಮಕ್ಕಳಿಗೆ ಮೊದಲು ಹೇಳಿಕೊಡುವ ಆರೋಗ್ಯದ ಪಾಠ, ಕಣ್ಣಿಗೆ ಕೈ ಹಾಕಬೇಡ ಅನ್ನೋದು. ಧೂಳು ಬಿತ್ತೇ, ಅಮ್ಮ ಸೆರಗಿನ ತುದಿ ಉಂಡೆ ಮಾಡಿ ಬಾಯಿಂದ ಬಿಸಿ ಊದಿ ಒತ್ತಬೇಕು. ಉಷ್ಣವಾಯಿತೇ, ಹರಳೆಣ್ಣೆ. ಇದನ್ನೆಲ್ಲ ಮಾಡುವವರು ದೊಡ್ಡವರು. ಕಣ್ಣು ಯಾರದೋ ಅವರಿಗೆ ಮಾತ್ರ ಅದರ ಹತ್ತಿರ ಸುಳಿಯುವ ಹಕ್ಕಿಲ್ಲ. ಇಂಥ ಸಂಸ್ಕಾರದ ಮನೆಗೆ ಕಾಂಟ್ಯಾಕ್ಟ್ ಲೆನ್ಸ್ ಬಂದರೆ ಏನಾಗುತ್ತೆ ಅನ್ನೋದನ್ನು ನ್ಯೂಜೆರ್ಸಿಯ ನಮ್ಮ ಮನೆಗೆ ಬಂದು ನೋಡಬೇಕು.

ಮಗಳ ಭರತನಾಟ್ಯ ರಂಗಪ್ರವೇಶ ಹತ್ತಿರ ಬಂದಿತ್ತು. ಕನ್ನಡಕ ಹಾಕಿಕೊಂಡು ನವರಸ ತೋರಿಸಿದರೆ ಜನಕ್ಕೆ ಕನ್ನಡಕವೇ ಕಾಣೋದು ಅಂತ ಅವಳ ತಕರಾರು. ತೆಗೆದರೆ ವೇದಿಕೆಯ ಅಂಚೇ ಅವಳಿಗೆ ಕಾಣದು. ವಿಷಯ ಮನೆಯ ವಾಟ್ಸಾಪ್ ಗ್ರೂಪಿಗೆ ಹೋಯಿತು. ನಮ್ಮದು ಶಿಡ್ಲಘಟ್ಟ, ಹೆಂಡತಿಯ ತವರು ಗೌರಿಬಿದನೂರು, ಅವಳ ಅಕ್ಕನನ್ನು ಕೊಟ್ಟಿರೋದು ಚಿಂತಾಮಣಿಗೆ, ನಮ್ಮ ಚಿಕ್ಕಪ್ಪ ಇರೋದು ಚಿಕ್ಕಬಳ್ಳಾಪುರದಲ್ಲಿ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಈ ತಾಲ್ಲೂಕುಗಳೆಲ್ಲ ಒಂದು ಜಿಲ್ಲೆಗೆ ಸೇರಿದವು. ಒಂದು ಅಭಿಪ್ರಾಯಕ್ಕೆ ಇನ್ನೂ ಬಂದಿಲ್ಲ.

"ಹಿಂದಕ್ಕೆ ಜಾರಿ ಮೆದುಳಿಗೆ ಹೋದರೆ?" ಅಂತ ಚಿಂತಾಮಣಿಯ ದೊಡ್ಡಮ್ಮ ಕೇಳಿದರು. ಹೋಗಲ್ಲ ದೊಡ್ಡಮ್ಮ, ರೆಪ್ಪೆಯ ಒಳಪೊರೆ ಮಡಚಿಕೊಂಡು ಬಿಳಿಗುಡ್ಡೆಗೆ ಕೂಡಿಕೊಂಡಿರುತ್ತೆ, ಆ ಕಡೆ ದಾರಿಯೇ ಇಲ್ಲ ಅಂತ ಮಗಳು ಚಿತ್ರ ಕಳಿಸಿದಳು. "ದಾರಿ ಇಲ್ಲದ ಕಡೆಗೂ ನಮ್ಮೂರ ಟೊಮ್ಯಾಟೋ ಲಾರಿ ಹೋಗುತ್ತೆ ಕಣಮ್ಮ" ಅಂದರು. ಚಿಕ್ಕಪ್ಪನದು ವ್ಯವಹಾರದ ಬುದ್ಧಿ: "ಇಲ್ಲೇ ಆಪ್ಟಿಕಲ್ಸ್ ಅಂಗಡೀಲಿ ತಗೊಂಡು ಕಳಿಸ್ತೀನಿ, ಅಲ್ಲಿ ಡಾಲರ್ ಯಾಕೆ ಸುರೀತೀಯ?" ಅಮೆರಿಕದಲ್ಲಿ ಪವರೇ ಇಲ್ಲದ ಬಣ್ಣದ ಲೆನ್ಸನ್ನೂ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂದರೆ ಅವರು ನಂಬಲಿಲ್ಲ. ಬಂದೂಕು ಮಾರುತ್ತಾರಲ್ಲ, ಅಂದರು.

ನಾವು ಹೋದ ಕಣ್ಣಿನ ಕ್ಲಿನಿಕ್ಕಿನಲ್ಲಿ, ಅವರ ಕಣ್ಣೆದುರೇ ಮಗಳು ತಾನೇ ಲೆನ್ಸು ಹಾಕಿ ತೆಗೆದು ತೋರಿಸೋ ತನಕ ಡಬ್ಬಿ ಕೈಗೆ ಕೊಡಲ್ಲ ಅಂದರು. ಬೆರಳ ತುದಿಯಲ್ಲಿ ಲೆನ್ಸು ಇಟ್ಟುಕೊಂಡು ಕಣ್ಣ ಹತ್ತಿರ ತಂದರೆ ರೆಪ್ಪೆ ಪಟ್ಟನೆ ಮುಚ್ಚುತ್ತೆ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಸರ್ ಎಂ.ವಿ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನಾಗಿ ತೆರೆಯುವ ಗೇಟು ಕೂರಿಸಿದರು. ದೇವರು ರೆಪ್ಪೆಗೆ ಕೂರಿಸಿರೋದು ತಾನಾಗಿ ಮುಚ್ಚುವ ಗೇಟು. ಅದನ್ನು ಗೆಲ್ಲುವ ಉಪಾಯ, ಒಂದು ಕೈಯಿಂದ ಮೇಲಿನ ರೆಪ್ಪೆಯನ್ನು ಕೂದಲ ಬುಡದಲ್ಲೇ ಹಿಡಿದು ಎತ್ತೋದು. ಮಗಳು ಅತ್ತಳು, ನಕ್ಕಳು, ಕೊನೆಗೆ ಹಾಕಿಕೊಂಡಳು.

ಮನೆಯಲ್ಲಿ ಅಭ್ಯಾಸ ಮಾಡೋದು ಇನ್ನೂ ಕಷ್ಟ. ಜಗತ್ತಿನ ಆ ತುದಿಯಲ್ಲಿ ಅಣುಬಾಂಬು ಸಿಡಿಸಿದರೂ ನಡುಕ ಹಿಡಿಯುವ ಭೂಕಂಪನ ಕೇಂದ್ರ 1965ರಿಂದ ಗೌರಿಬಿದನೂರಿನಲ್ಲಿದೆ. ಆ ಮಣ್ಣಿನ ಗುಣವೋ ಏನೋ, ಮಹಡಿಯ ಬಚ್ಚಲಲ್ಲಿ ಮಗಳ ಬೆರಳು ರೆಪ್ಪೆ ತಲುಪುವ ಮೊದಲೇ ಕೆಳಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ಗೊತ್ತಾಗುತ್ತೆ. "ಕೈ ತೊಳೆದ್ಯಾ?"

ಆರು ತಿಂಗಳಿಗೆಂದು ಬಂದಿದ್ದ ನಮ್ಮಮ್ಮನಿಗೆ ಈ ಗಲಾಟೆಯೇ ಅರ್ಥವಾಗಲಿಲ್ಲ. ಅವಳಿಗೆ ಪೊರೆ ಆಪರೇಷನ್ ಆಗಿದೆ. "ನನ್ನ ಕಣ್ಣಲ್ಲೂ ಲೆನ್ಸು ಹಾಕವ್ರೆ. ಹಾಕಿಸಿದ ಮೇಲೆ ತೆಗೆದೂ ಇಲ್ಲ, ತೊಳೆದೂ ಇಲ್ಲ. ಇವಳದೇನು ದಿನಾ ಅಭಿಷೇಕ?" ಅದು ಒಳಗಿನದು, ಇದು ಹೊರಗಿನದು ಅಂತ ತಿಳಿಸುವಷ್ಟರಲ್ಲಿ ಮಗಳ ಲೆನ್ಸು ಬಚ್ಚಲ ನೆಲಕ್ಕೆ ಬಿತ್ತು. ನಾವೆಲ್ಲ ಮೊಣಕಾಲೂರಿ ತಡಕಾಡಿದೆವು. ಅಮ್ಮ ಮದುವೆಯಾದಾಗಿನಿಂದ ಶಿಡ್ಲಘಟ್ಟದಲ್ಲಿ ಬಿಸಿನೀರಿಗೆ ಬೆರಳಿಟ್ಟು ಬೆಂದ ರೇಷ್ಮೆಗೂಡಿನ ಎಳೆ ಹಿಡಿದವಳು; ನಿಂತಲ್ಲಿಂದಲೇ ಬಗ್ಗಿ ಎತ್ತಿಕೊಂಡಳು, ನಲ್ಲಿ ತಿರುಗಿಸಿ ತೊಳೆಯಲು ಹೋದಳು. ಮಗಳು ಚೀರಿದಳು. ನಲ್ಲಿ ನೀರಿನಲ್ಲಿ ಅಕಾಂತಮೀಬಾ ಅನ್ನೋ ಕಣ್ಣಿಗೆ ಕಾಣದ ಜೀವಿ ಇರಬಹುದು, ಲೆನ್ಸಿನ ಕೆಳಗೆ ಸೇರಿಕೊಂಡರೆ ಕರಿಗುಡ್ಡೆಯ ಮೇಲಿನ ಪೊರೆಗೇ ಹುಣ್ಣು ಮಾಡುತ್ತೆ ಅಂತ ವಿವರಿಸಿದಳು.

ಅಮ್ಮ ವಾದ ಮಾಡುತ್ತಾಳೆ ಅಂದುಕೊಂಡಿದ್ದೆ. ಮಾಡಲಿಲ್ಲ. "ಮೊದಲೇ ಹೇಳಬಾರದಾ? ನನ್ನ ತವರಲ್ಲಿ ಹುಳದ ಮನೆಗೆ ಕೈಕಾಲು ತೊಳೀದೆ ಯಾರನ್ನೂ ಬಿಡ್ತಿರಲಿಲ್ಲ." ಅವತ್ತಿನಿಂದ ಲೆನ್ಸಿನ ಇಲಾಖೆ ಅವಳದಾಯಿತು. ಮೊದಮೊದಲು ಕೆಲವೇ ಗಂಟೆ ಹಾಕಿ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಅಂದಿದ್ದರು ಡಾಕ್ಟರು; ಮಗಳು ಕಣ್ಣುಜ್ಜುತ್ತಾ ಕೂತರೆ ಅಮ್ಮ, "ಪೊರೆ ಬಿಡೋಕೆ ಜ್ವರಕ್ಕೆ ಕೂತ ಹುಳದ ಹಾಗವಳೆ, ಮಾತಾಡಿಸಬೇಡಿ" ಅನ್ನೋಳು. ಲೆನ್ಸು ಹಾಕಿಕೊಂಡೇ ಸೋಫಾ ಮೇಲೆ ಒರಗಿದರೆ ತಟ್ಟಿ ಎಬ್ಬಿಸುವಳು. ಕರಿಗುಡ್ಡೆಯ ಪೊರೆಗೆ ರಕ್ತನಾಳ ಇಲ್ಲ, ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಿನದು ಗಾಳಿಯಿಂದಲೇ ಬರಬೇಕು, ಲೆನ್ಸಿನ ಮೇಲೆ ರೆಪ್ಪೆಯನ್ನೂ ಮುಚ್ಚಿದರೆ ಅದಕ್ಕೆ ಉಸಿರು ಕಟ್ಟುತ್ತೆ ಅನ್ನೋ ವಿಜ್ಞಾನ ಅವಳಿಗೆ ಬೇಕಾಗಲಿಲ್ಲ. ಚೆಕೊಸ್ಲೊವಾಕಿಯಾದ ಒಟ್ಟೊ ವಿಖ್ಟರ್ಲೆ 1961ರ ಕ್ರಿಸ್‌ಮಸ್‌ನಲ್ಲಿ ಮನೆಯಲ್ಲೇ ಮಕ್ಕಳ ಆಟಿಕೆ ಸೆಟ್ಟಿಗೆ ಸೈಕಲ್ ಡೈನಮೋ ಸೇರಿಸಿ, ತಿರುಗಿಸಿ ತಿರುಗಿಸಿ ಮೆತ್ತನೆ ಲೆನ್ಸು ತೆಗೆದ ಅಂತ ನಾನು ಓದಿ ಹೇಳಿದಾಗ ಮಾತ್ರ ಮೆಚ್ಚಿದಳು. "ನಮ್ಮ ಚರಕದಂಥದ್ದೇ ಅನ್ನು."

ರಂಗಪ್ರವೇಶ ಚೆನ್ನಾಗಿ ಆಯಿತು. ಒಂಬತ್ತೂ ರಸ ಹಿಂದಿನ ಸಾಲಿನವರೆಗೆ ಕಂಡವು.

ಆಮೇಲೆ ಶುರುವಾಗಿದ್ದು ಅಡುಗೆಮನೆಯ ಸಮಸ್ಯೆ. ಗುಜರಾತಿ ಅಂಗಡಿಯಿಂದ ಫ್ರೋಜನ್ ಲಿಲ್ವಾ, ಅಂದರೆ ನಮ್ಮ ಅವರೆಕಾಳು, ತಂದು ಹಿತಕಿದ ಬೇಳೆ ಸಾರು ಮಾಡುವ ದಿನ, ಲೆನ್ಸು ಹಾಕಿಕೊಂಡು ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಬರಲ್ಲ ಅನ್ನೋದು ಪತ್ತೆಯಾಗಿ ಆ ಕೆಲಸ ಕಾಯಂ ಆಗಿ ಮಗಳ ಪಾಲಾಯಿತು. ಹಸಿಮೆಣಸಿನಕಾಯಿ ಹಾಗಲ್ಲ. ಅದರ ಖಾರ ಬರೀ ನೀರಿಗೆ ಬಿಡೋದಿಲ್ಲ. ಕೈಗೆ ಎಣ್ಣೆ ಸವರಿ ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಲ್ಲಿ ಕೂತಿದ್ದು, ರಾತ್ರಿ ಲೆನ್ಸು ತೆಗೆಯುವಾಗ ಹಾಜರಾಗುತ್ತೆ. ಹಾಗಾಗಿ ಲೆನ್ಸು ಹಾಕುವವರಿರುವ ಮನೆಗಳಲ್ಲಿ ಮೆಣಸಿನಕಾಯಿ ಹೆಚ್ಚುವ ಕೆಲಸ ಕನ್ನಡಕದವರಿಗೇ ಇರಲಿ. ನಮ್ಮ ಮನೆಯಲ್ಲಿ ಈಗ ಕನ್ನಡಕ ಇರೋದು ನನಗೊಬ್ಬನಿಗೇ.